ವಿರೂಪಚಿತ್ರವನ್ನು ಓದುವ ಬಗೆ

ಸೇತುವೆಯಾಗಲಿ, ಎಂಜಿನ್ನಿನ ಬಿಡಿಭಾಗವಾಗಲಿ, ಅದನ್ನು ನಿರ್ಮಿಸುವ ಮೊದಲೇ ಗಣಕಯಂತ್ರದಲ್ಲಿ ಪರೀಕ್ಷಿಸುವುದು ಇಂದಿನ ರೂಢಿ. ವಸ್ತುವನ್ನು ಸಾವಿರಾರು ಸಣ್ಣ ಘಟಕಗಳಾಗಿ ವಿಂಗಡಿಸಿ, ಭಾರ ಹೇರಿದಾಗ ಅಥವಾ ಕಾಯಿಸಿದಾಗ ಒಂದೊಂದು ಘಟಕದ ಮೂಲೆಗಳೂ ಎಷ್ಟು ಸರಿಯುವುವೆಂದು ಯಂತ್ರವು ಗಣಿಸುತ್ತದೆ. ಫಲಿತಾಂಶವು ಬಣ್ಣಬಣ್ಣದ ಚಿತ್ರವಾಗಿ ತೆರೆಯ ಮೇಲೆ ಮೂಡುತ್ತದೆ. ಇದೇ ವಿರೂಪಚಿತ್ರ. ಇದನ್ನು ನೋಡುವುದು ಸುಲಭ. ಓದುವುದನ್ನು ಮಾತ್ರ ನಾವು ಕಲಿಯಬೇಕು.

ಮೊದಲನೆಯದಾಗಿ, ಚಿತ್ರದಲ್ಲಿ ಕಾಣುವ ಬಾಗು ವಸ್ತುವಿನ ನಿಜವಾದ ಬಾಗಲ್ಲ. ಗೋಡೆಯಿಂದ ಹೊರಚಾಚಿದ 1 ಮೀಟರ್ ಉದ್ದದ ಉಕ್ಕಿನ ಸರಳಿನ ತುದಿ 1 ಮಿಲಿಮೀಟರ್ ತಗ್ಗಿತೆನ್ನೋಣ. ಅಷ್ಟು ಅಲ್ಪ ಚಲನೆ ತೆರೆಯ ಮೇಲೆ ನಮ್ಮ ಕಣ್ಣಿಗೆ ಬೀಳದು. ಆದುದರಿಂದ ತಂತ್ರಾಂಶವು ಅದನ್ನು 100 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಕವಿಗೆ ಅತಿಶಯೋಕ್ತಿಯು ಅಲಂಕಾರವಾದರೆ ಗಣಕಕ್ಕೆ ಅದು ಅನಿವಾರ್ಯ. ಪಟ್ಟನ್ನು ಯಂತ್ರವೇ ಆರಿಸಿದಾಗ, ಅಲ್ಪ ಭಾರ ಹೊತ್ತ ಸರಳೂ ಅತಿಭಾರ ಹೊತ್ತ ಸರಳೂ ಒಂದೇ ಸಮನಾಗಿ ಬಾಗಿದಂತೆ ತೋರಬಹುದು. ಚಿತ್ರದ ಅಂಚಿನಲ್ಲಿರುವ ಪಟ್ಟಿನ ಸಂಖ್ಯೆಯನ್ನು ನೋಡದೆ ನಾವು ಯಾವ ತೀರ್ಮಾನಕ್ಕೂ ಬರಲಾಗದು.

ಎರಡನೆಯದಾಗಿ, ಬಣ್ಣವು ಯಾವ ಪರಿಮಾಣವನ್ನು ಸೂಚಿಸುತ್ತದೆಂಬುದನ್ನು ಅರಿಯಬೇಕು. ಅದೇ ಸರಳನ್ನು 100 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾಯಿಸೋಣ. ಪ್ರತಿ ಡಿಗ್ರಿಗೂ ಉಕ್ಕು ತನ್ನ ಉದ್ದದ ದಶಲಕ್ಷದಲ್ಲಿ ಸುಮಾರು 12 ಭಾಗ ಹಿಗ್ಗುವುದರಿಂದ ಸರಳು 1.2 ಮಿಲಿಮೀಟರ್ ಬೆಳೆಯುತ್ತದೆ. ಒಂದು ತುದಿ ಸ್ವತಂತ್ರವಾಗಿದ್ದರೆ ಚಲನೆಯ ಚಿತ್ರದಲ್ಲಿ ಆ ತುದಿ ಕೆಂಪಾಗಿ ಕಾಣುತ್ತದೆ. ಆದರೂ ಸರಳಿನೊಳಗೆ ಪೀಡನವೇ ಇಲ್ಲ. ಎರಡು ತುದಿಗಳನ್ನೂ ಅಲುಗದಂತೆ ಬಿಗಿದರೆ ಚಲನೆ ಸೊನ್ನೆ, ಚಿತ್ರವೆಲ್ಲ ಶಾಂತವಾದ ನೀಲಿ. ಆದರೆ ಒಳಗಿನ ಪೀಡನ ಚದರ ಮಿಲಿಮೀಟರಿಗೆ ಸುಮಾರು 240 ನ್ಯೂಟನ್! ಸಾಮಾನ್ಯ ಕಟ್ಟಡದ ಉಕ್ಕು ಶಾಶ್ವತವಾಗಿ ವಿರೂಪಗೊಳ್ಳತೊಡಗುವುದು ಸುಮಾರು 250ರಲ್ಲಿ. ಅಪಾಯವಿರುವುದು ಅಲುಗದ ಸರಳಿನಲ್ಲಿಯೇ. ಆದಕಾರಣ ಚಲನೆಯ ಚಿತ್ರದೊಡನೆ ಪೀಡನದ ಚಿತ್ರವನ್ನೂ ನೋಡತಕ್ಕದ್ದು.

ಮೂರನೆಯದಾಗಿ, ಚಿತ್ರ ಅಂದವಾಗಿದ್ದ ಮಾತ್ರಕ್ಕೆ ಲೆಕ್ಕವು ಸತ್ಯವಾಗದು. 1991ರ ಆಗಸ್ಟ್ 23ರಂದು ನಾರ್ವೆಯ ಸ್ಟಾವಾಂಗರ್ ಬಳಿಯ ಕಡಲಚಾಚಿನಲ್ಲಿ ಸ್ಲೈಪ್ನರ್-ಎ ಎಂಬ ಅನಿಲವೇದಿಕೆಯ ಬೃಹತ್ ಕಾಂಕ್ರೀಟ್ ತಳಹದಿ ಮುಳುಗಿಹೋಯಿತು. ಲೆಕ್ಕಕ್ಕಾಗಿ ಮಾಡಿದ ಘಟಕಗಳು ಗೋಡೆಗಳು ಕೂಡುವೆಡೆಯಲ್ಲಿ ತೀರ ಒರಟಾಗಿದ್ದುದರಿಂದ, ಗೋಡೆಯನ್ನು ಕತ್ತರಿಸುವ ಪೀಡನವನ್ನು ಯಂತ್ರವು ಶೇಕಡಾ 47ರಷ್ಟು ಕಡಿಮೆಯಾಗಿ ಗಣಿಸಿತ್ತು. ಅಲ್ಲಿ ಹಾಕಿದ್ದ ಉಕ್ಕಿನ ಕಂಬಿಗಳೂ ಸಾಲದಾದುವು. ಬಳಿಕ ಸೂಕ್ಷ್ಮವಾದ ಘಟಕಗಳಿಂದ ಮತ್ತೆ ಗಣಿಸಿದಾಗ 62 ಮೀಟರ್ ಆಳದಲ್ಲಿ ಗೋಡೆ ಒಡೆಯುವುದೆಂದು ಕಂಡುಬಂದಿತು. ಅದು ನಿಜವಾಗಿ ಒಡೆದುದು 65 ಮೀಟರಿನಲ್ಲಿ!

ಯಂತ್ರವು ನಾವು ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುತ್ತದೆ. ಪ್ರಶ್ನೆ ಸರಿಯಾಗಿತ್ತೇ ಎಂದು ವಿಚಾರಿಸುವ ಹೊಣೆ ನಮ್ಮದು. ಘಟಕಗಳನ್ನು ಇನ್ನಷ್ಟು ಕಿರಿದಾಗಿಸಿದಾಗಲೂ ಉತ್ತರ ಬದಲಾಗದಿದ್ದರೆ, ಕಾಗದದ ಮೇಲೆ ಮಾಡಿದ ಸ್ಥೂಲ ಲೆಕ್ಕವೂ ಅದಕ್ಕೆ ಹತ್ತಿರವಿದ್ದರೆ, ಆಗ ಚಿತ್ರವನ್ನು ನಂಬಬಹುದು.