ಪುಕ್ಕಲು ಗಿನಿಪಿಗ್‌ಗೂ ಹುಲ್ಲು ಸಿಗಬೇಡವೇ?

ಪ್ರಶ್ನೆ: ನಮ್ಮ ಎರಡು ಗಿನಿಪಿಗ್‌ಗಳಲ್ಲಿ ಒಂದು ಹುಲ್ಲು ಕಂಡೊಡನೆ ಓಡಿಬರುತ್ತದೆ, ಇನ್ನೊಂದು ಗೂಡು ಬಿಟ್ಟು ಹೊರಬರುವುದೇ ಇಲ್ಲ. ಅದು ಉಪವಾಸ ಬೀಳುತ್ತಿದೆಯೇ?

ಉತ್ತರ: ಯಾರೂ ಇಲ್ಲದಾಗ ತಿನ್ನುತ್ತಿರಬಹುದು. ಆದರೆ ಊಹೆ ನೆಚ್ಚಿ ಕೂರಬೇಡಿ. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ಎರಡನ್ನೂ ತೂಗಿ ಬರೆದಿಡಿ. ಹುಲ್ಲನ್ನು ಒಂದೇ ಕಡೆ ಹಾಕಿದರೆ ಜೋರಿನದು ಅಲ್ಲೇ ಠಿಕಾಣಿ ಹೂಡುತ್ತದೆ. ಎರಡು ಮೂಲೆಗಳಲ್ಲಿ ರಾಶಿ ಹಾಕಿ, ಪುಕ್ಕಲಿನ ಪಾಲು ಅದರ ಗೂಡಿನ ಬಾಯಲ್ಲೇ ಇರಲಿ. ಗೂಡಿಗೆ ಎರಡು ಬಾಗಿಲಿದ್ದರೆ ಇನ್ನೂ ಒಳ್ಳೆಯದು: ಜೊತೆಗಾರ ಒಂದು ಕಡೆಯಿಂದ ನುಗ್ಗಿದರೆ ಇದು ಮತ್ತೊಂದು ಕಡೆಯಿಂದ ಜಾರಿಕೊಳ್ಳಬಹುದು. ಕೈಯಾರೆ ತಿನ್ನಿಸುವ ಆಸೆಯಿದ್ದರೆ ಉದ್ದನೆಯ ಎಸಳೊಂದರ ತುದಿ ಹಿಡಿದು ನೆಲಮಟ್ಟದಲ್ಲಿ ಚಾಚಿ. ಮೇಲಿನಿಂದ ಇಳಿಯುವ ಕೈ ಅದಕ್ಕೆ ಹದ್ದಿನಂತೆ.

ಇವುಗಳ ಹಲ್ಲು ಬದುಕಿರುವ ತನಕ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಜಗಿದೇ ಸವೆಯಬೇಕು. ನಾರಿಲ್ಲದೆ ಕರುಳೂ ನಡೆಯದು. ಬೆಳೆದವಕ್ಕೆ ಟಿಮೊಥಿ ಹುಲ್ಲು ಸರಿ. ಕುದುರೆ ಮಸಾಲೆ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಹೆಚ್ಚು, ಮೂತ್ರಕೋಶದಲ್ಲಿ ಕಲ್ಲಾಗುವ ಭಯ. ಒಣಹುಲ್ಲಿನಿಂದ ಸಾಕಷ್ಟು ಸಿಗದ ಸಿ ಜೀವಸತ್ವಕ್ಕೆ ದಿನಾ ಒಂದು ತುಂಡು ದೊಣ್ಣೆಮೆಣಸಿನಕಾಯಿ ಕೊಡಿ. ಅರ್ಧ ದಿನ ಏನೂ ತಿನ್ನದಿದ್ದರೆ, ಹಿಕ್ಕೆ ಕಡಿಮೆಯಾದರೆ, ಆವತ್ತೇ ಪಶುವೈದ್ಯರಿಗೆ ತೋರಿಸಿ.