ಪುಣೆಗೆ ಹೊರಟವರ ಭ್ರಮೆಗಳೂ ಆ ನಗರದ ನಿಜಸ್ಥಿತಿಯೂ

ಬೆಳಗಾವಿ, ವಿಜಯಪುರ, ಕಲಬುರಗಿಗಳ ಜನರಿಗೆ ಬೆಂಗಳೂರಿಗಿಂತಲೂ ಸಮೀಪವಾದ ಮಹಾನಗರ ಪುಣೆ. ವಿದ್ಯಾರ್ಜನೆಗೆಂದು, ಉದ್ಯೋಗಕ್ಕೆಂದು, ಬಂಧುಗಳ ದರ್ಶನಕ್ಕೆಂದು ತಲೆಮಾರುಗಳಿಂದ ನಮ್ಮವರು ಅಲ್ಲಿಗೆ ಹೋಗಿಬರುತ್ತಿದ್ದರೂ, ಆ ಊರನ್ನು ಕುರಿತು ಬಾಯಿಂದ ಬಾಯಿಗೆ ಸಾಗಿಬಂದ ಮಾತುಗಳಲ್ಲಿ ಹಲವು ಅರ್ಧಸತ್ಯಗಳು, ಕೆಲವು ಸತ್ಯವೇ ಅಲ್ಲ. ಅಲ್ಲದೆ ಹೋಗುವವರಲ್ಲಿಯೂ ವೃದ್ಧರ ಶಕ್ತಿ ಬೇರೆ, ಎಳೆಯ ಮಕ್ಕಳ ತಾಳ್ಮೆ ಬೇರೆ, ವಿದ್ಯಾರ್ಥಿಯ ಕುತೂಹಲ ಬೇರೆ. ಇವರೆಲ್ಲರಿಗೂ ಒಂದೇ ಸ್ಥಳಪಟ್ಟಿಯನ್ನು ಒಪ್ಪಿಸುವುದು ಉಚಿತವಲ್ಲ.

ತಪ್ಪು ಕಲ್ಪನೆ: ಮುಂಬಯಿಗೆ ಹೋದಾಗ ಒಂದು ಹೊತ್ತಿನಲ್ಲಿ ಪುಣೆಯನ್ನೂ ನೋಡಿ ಮರಳಬಹುದು.

ಸತ್ಯ: ಈ ಎರಡು ನಗರಗಳ ನಡುವಣ ರೈಲುದಾರಿ 192 ಕಿಲೋಮೀಟರು, ಅದರಲ್ಲಿ ಸಹ್ಯಾದ್ರಿಯ ಘಟ್ಟವೂ ಸೇರಿದೆ. 1930ರಿಂದ ಓಡುತ್ತಿರುವ ಪ್ರಸಿದ್ಧ ಡೆಕ್ಕನ್ ಕ್ವೀನ್ ಬೆಳಗ್ಗೆ ಪುಣೆಯನ್ನು ಬಿಟ್ಟು ಸಂಜೆ ಮುಂಬಯಿಯಿಂದ ಹಿಂತಿರುಗುವುದರಿಂದ, ಅದರ ವೇಳೆ ಪುಣೆಯವರಿಗೆ ಅನುಕೂಲವೇ ಹೊರತು ಮುಂಬಯಿಯಿಂದ ಬಂದು ಅಂದೇ ಮರಳುವ ಪ್ರವಾಸಿಗನಿಗಲ್ಲ. ಬೆಂಗಳೂರಿನವರಿಗೆ ಕಲಬುರಗಿಯ ಮೇಲೆ ಹಾದುಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಉಂಟು. 2024ರ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿಯಿಂದ ಬೆಳಗಾವಿ, ಮೀರಜ್ ಮಾರ್ಗವಾಗಿ ಪುಣೆಗೆ ವಂದೇ ಭಾರತ್ ಆರಂಭವಾಯಿತು. ನೇರವಾಗಿ ಹೋಗಿ, ಎರಡು ದಿನಗಳನ್ನಾದರೂ ಪುಣೆಗಾಗಿಯೇ ಮೀಸಲಿಡುವುದು ಲೇಸು.

ತಪ್ಪು ಕಲ್ಪನೆ: ಶನಿವಾರವಾಡೆಯಲ್ಲಿ ಪೇಶ್ವೆಗಳ ಅರಮನೆ ಮೈಸೂರಿನ ಅರಮನೆಯಂತೆ ವೈಭವದಿಂದ ನಿಂತಿದೆ.

ಸತ್ಯ: ಒಂದನೆಯ ಬಾಜೀರಾಯನು 1730ರಲ್ಲಿ ಅಸ್ತಿಭಾರವಿಟ್ಟು 1732ರಲ್ಲಿ ಪ್ರವೇಶಿಸಿದ ಆ ಸೌಧವು 1828ರ ಅಗ್ನಿಪ್ರಕೋಪಕ್ಕೆ ಆಹುತಿಯಾಯಿತು. ಇಂದು ಕಾಣುವುದು ಕೋಟೆಯ ಗೋಡೆಗಳು, ದಿಲ್ಲೀ ದರವಾಜೆಯೇ ಮೊದಲಾದ ಬಾಗಿಲುಗಳು ಮತ್ತು ಕಟ್ಟಡಗಳ ಪೀಠಗಳು. ಇತಿಹಾಸಾಸಕ್ತರಿಗೆ ಅದೇ ಸಾಕು. ಆದರೆ ಸಿಂಗರಿಸಿದ ಕೊಠಡಿಗಳನ್ನು ನಿರೀಕ್ಷಿಸುವ ಮಕ್ಕಳಿಗೆ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯದ ದೀಪಗಳು, ಅಡಕತ್ತರಿಗಳು, ವಾದ್ಯಗಳು ಹೆಚ್ಚು ಸಂತೋಷವನ್ನೀಯುತ್ತವೆ. 1892ರಲ್ಲಿ ನಿರ್ಮಿತವಾದ ಆಗಾಖಾನ್ ಅರಮನೆಯನ್ನೂ ಕೇವಲ ವಿಲಾಸಭವನವೆಂದು ಭಾವಿಸಬಾರದು. 1942ರ ಆಗಸ್ಟಿನಿಂದ 1944ರ ಮೇ ವರೆಗೆ ಗಾಂಧೀಜಿ ಬಂಧಿತರಾಗಿದ್ದುದು, ಅವರ ಕಾರ್ಯದರ್ಶಿ ಮಹಾದೇವ ದೇಸಾಯಿಯವರೂ ಪತ್ನಿ ಕಸ್ತೂರಬಾ ಅವರೂ ಕೊನೆಯುಸಿರೆಳೆದುದು ಅಲ್ಲಿಯೇ. ಅವರಿಬ್ಬರ ಸಮಾಧಿಗಳು ಆ ಆವರಣದಲ್ಲಿವೆ.

ತಪ್ಪು ಕಲ್ಪನೆ: ಸ್ವಂತ ವಾಹನವಿಲ್ಲದೆ ಪುಣೆಯನ್ನು ನೋಡಲಾಗದು.

ಸತ್ಯ: ಹಳೆಯ ಪೇಠೆಗಳ ಕಿರಿದಾದ ಬೀದಿಗಳಲ್ಲಿ ಕಾರು ಉಪಕಾರಿಯಾಗುವುದಕ್ಕಿಂತ ಹೊರೆಯಾಗುವುದೇ ಹೆಚ್ಚು. ಕರ್ನಾಟಕದ ಅನೇಕ ಬಸ್ಸುಗಳು ತಂಗುವ ಸ್ವಾರಗೇಟಿನಿಂದ 2024ರ ಸೆಪ್ಟೆಂಬರಿನಿಂದೀಚೆಗೆ ಮೆಟ್ರೋ ಓಡುತ್ತಿದೆ. ಮಂಡಈಯಲ್ಲಿ ಇಳಿದರೆ ತುಳಶೀಬಾಗಿನ ಪೇಟೆಯೂ ದಗಡೂಶೇಠ ಗಣಪತಿಯೂ, ಕಸಬಾ ಪೇಠೆಯಲ್ಲಿ ಇಳಿದರೆ ಶನಿವಾರವಾಡೆಯೂ ನಡೆಯುವಷ್ಟು ಹತ್ತಿರ. ಸಿವಿಲ್ ಕೋರ್ಟ್ ನಿಲ್ದಾಣದಲ್ಲಿ ಗಾಡಿ ಬದಲಿಸಿ ಕಲ್ಯಾಣಿನಗರಕ್ಕೆ ಹೋಗಿ, ಅಲ್ಲಿಂದ ಆಟೋ ಹಿಡಿದರೆ ಆಗಾಖಾನ್ ಅರಮನೆಯನ್ನು ತಲುಪಬಹುದು. ನಿಲ್ದಾಣಗಳಲ್ಲಿ ಲಿಫ್ಟುಗಳಿರುವುದರಿಂದ ಮಂಡಿನೋವಿನ ಹಿರಿಯರಿಗೂ ಇದು ಸುಗಮ. ಸಿಂಹಗಡಕ್ಕೂ ಕಾಲ್ನಡಿಗೆಯೊಂದೇ ದಾರಿಯಲ್ಲ. ತರುಣರು ಆತಕರವಾಡಿಯ ಕಡೆಯಿಂದ ಹತ್ತಲಿ, ಹಿರಿಯರು ಮೇಲಿನವರೆಗೂ ಹೋಗುವ ವಾಹನಮಾರ್ಗವನ್ನು ಹಿಡಿಯಲಿ.

ತಪ್ಪು ಕಲ್ಪನೆ: ಪುಣೆಯ ಹವೆ ವರ್ಷವಿಡೀ ಬೆಂಗಳೂರಿನಂತೆ ತಂಪು.

ಸತ್ಯ: ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದ್ದರೆ ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿಯ ಆಸುಪಾಸಿಗೆ ಏರುವುದರಿಂದ ಮಕ್ಕಳನ್ನೂ ವೃದ್ಧರನ್ನೂ ಮಧ್ಯಾಹ್ನ ಹೊರಗೆ ಕರೆದೊಯ್ಯಬಾರದು. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಪ್ರಶಸ್ತ, ಆದರೆ ರಾತ್ರಿಯ ಚಳಿಗೆ ಹೊದಿಕೆ ಅವಶ್ಯ.

ತಪ್ಪು ಕಲ್ಪನೆ: ಎಲ್ಲರೂ ಗಣೇಶೋತ್ಸವದಲ್ಲಿಯೇ ಹೋಗತಕ್ಕದ್ದು.

ಸತ್ಯ: ಲೋಕಮಾನ್ಯ ತಿಲಕರ ಪ್ರೇರಣೆಯಿಂದ ಸಾರ್ವಜನಿಕ ರೂಪ ತಾಳಿ ಬೆಳೆದ ಆ ಉತ್ಸವ ಅದ್ಭುತವೇ ಸರಿ. ಆದರೆ ಅನಂತ ಚತುರ್ದಶಿಯ ವಿಸರ್ಜನೆಯ ಮೆರವಣಿಗೆ 24 ಗಂಟೆಗಳನ್ನೂ ಮೀರಿ ನಡೆಯುವುದುಂಟು. ಮುಖ್ಯ ಬೀದಿಗಳಲ್ಲಿ ವಾಹನಸಂಚಾರವಿರದು, ಡೋಲು ತಾಶೆಗಳ ಘೋಷವು ಹಸುಳೆಗಳಿಗೂ ಹೃದ್ರೋಗಿಗಳಿಗೂ ಹಿತವಲ್ಲ. ಅಂಥವರು ಬೇರೆ ದಿನಗಳ ಪ್ರಾತಃಕಾಲದಲ್ಲಿ ಗ್ರಾಮದೇವತೆಯಾದ ಕಸಬಾ ಗಣಪತಿಯ ದರ್ಶನ ಪಡೆಯುವುದು ಕ್ಷೇಮಕರ.

ತಪ್ಪು ಕಲ್ಪನೆ: ಕನ್ನಡಿಗನಿಗೆ ಪುಣೆ ಪರಕೀಯ ನಗರ.

ಸತ್ಯ: ಜಂಗಲೀ ಮಹಾರಾಜ ರಸ್ತೆಯ ಬದಿಯಲ್ಲಿ ಒಂದೇ ಬಂಡೆಯಲ್ಲಿ ಕೊರೆದ ಪಾತಾಳೇಶ್ವರ ಗುಹಾಲಯವೂ ಅದರ ಮುಂದಿನ ವರ್ತುಲಾಕಾರದ ನಂದಿಮಂಟಪವೂ, ಮುಂದೆ ಕನ್ನಡನಾಡಿನ ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟರ ಕಾಲದವು. ಕ್ರಿ.ಶ. 758ರ ರಾಷ್ಟ್ರಕೂಟ ತಾಮ್ರಪಟದಲ್ಲಿಯೇ ಈ ಸೀಮೆ ಪುಣ್ಯವಿಷಯವೆಂದು ಉಲ್ಲೇಖಿತವಾಗಿದೆ. ಬೇಂದ್ರೆಯವರು ಪದವಿ ಪಡೆದುದು ಇಲ್ಲಿನ ಫರ್ಗ್ಯುಸನ್ ಕಾಲೇಜಿನಲ್ಲಿ. ಗದಗಿನ ಭೀಮಸೇನ ಜೋಶಿಯವರು ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ಸ್ಮರಣೆಗಾಗಿ 1953ರಲ್ಲಿ ಆರಂಭಿಸಿದ ಸಂಗೀತೋತ್ಸವ ಡಿಸೆಂಬರಿನಲ್ಲಿ ಇಂದಿಗೂ ನಡೆಯುತ್ತಿದೆ. ಸಂಗೀತಪ್ರಿಯರು ತಮ್ಮ ಪ್ರವಾಸವನ್ನು ಆ ದಿನಗಳಿಗೇ ಹೊಂದಿಸಿಕೊಳ್ಳಲಿ.

ಆದುದರಿಂದ ಪುಣೆಗೆ ಹೊರಡುವವರಲ್ಲಿ ವಿನಂತಿ ಇಷ್ಟೇ: ನೋಡತಕ್ಕ ಸ್ಥಳಗಳ ಪಟ್ಟಿಯನ್ನು ಸಿದ್ಧಪಡಿಸುವ ಮುನ್ನ, ನಿಮ್ಮೊಡನೆ ಬರುವವರ ವಯಸ್ಸನ್ನೂ ಆರೋಗ್ಯವನ್ನೂ ಅಭಿರುಚಿಯನ್ನೂ ವಿಚಾರಿಸಿಕೊಳ್ಳಿ, ದಿನಕ್ಕೆ ಎರಡೇ ಸ್ಥಳಗಳನ್ನು ನೋಡಿದರೂ ಚಿಂತೆಯಿಲ್ಲ, ಸಾವಧಾನವಾಗಿ ನೋಡಿ.