ಒಡಲು ಪೊಳ್ಳಾದರೂ ಬಾಳುವ ಚಿನಾರ್

ಕಾಶ್ಮೀರ ಪ್ರವಾಸ ಮಾಡಿಬಂದವರೆಲ್ಲ ಚಿನಾರ್ ಮರದ ಕೆಂಪೆಲೆಗಳನ್ನು ಬಾಯ್ತುಂಬ ಹೊಗಳುವರು. ಅದರ ಕಾಂಡವನ್ನು ಗಮನಿಸುವವರು ಕಡಮೆ. ನಿಜವಾದ ಸೋಜಿಗವಿರುವುದು ಅಲ್ಲಿಯೇ. ವಯಸ್ಸಾದ ಚಿನಾರುಗಳಲ್ಲಿ ಬುಡ ಉಬ್ಬಿದವುಂಟು, ಮೈಯೆಲ್ಲ ಗಂಟಾದವುಂಟು, ಒಳಗೆ ಮನುಷ್ಯ ನಿಲ್ಲುವಷ್ಟು ಪೊಟರೆಯಾದವೂ ಉಂಟು.

ಈ ಪೊಟರೆಯ ಖ್ಯಾತಿ ಬಹು ಹಳೆಯದು. ಕ್ರಿ.ಶ. 1ನೆಯ ಶತಮಾನದ ರೋಮನ್ ಗ್ರಂಥಕಾರ ಪ್ಲಿನಿ, ಈಗಿನ ತುರ್ಕಿಯಲ್ಲಿರುವ ಲಿಸಿಯಾ ಪ್ರಾಂತದ ಇಂಥದೇ ಮರವೊಂದರ ಪೊಟರೆ 81 ಅಡಿ ಇತ್ತೆಂದು ಬರೆದಿದ್ದಾನೆ. ಪ್ರಾಂತಾಧಿಪತಿ ಮ್ಯೂಸಿಯಾನಸನು 18 ಮಂದಿ ಸಂಗಡಿಗರೊಡನೆ ಅದರೊಳಗೆ ಕುಳಿತು ಊಟ ಮಾಡಿದನಂತೆ!

ಒಡಲು ಪೊಳ್ಳಾದ ಮರ ಬದುಕುವುದೆಂತು? ಮರದ ನಡುವಣ ಚೇಗು ಬಹುಮಟ್ಟಿಗೆ ಸತ್ತ ಭಾಗ. ಅದರ ಕೆಲಸ ಆಧಾರ ಕೊಡುವುದಷ್ಟೆ. ಜೀವವಿರುವುದು ತೊಗಟೆಯ ಕೆಳಗಿನ ತೆಳುಪದರದಲ್ಲಿ ಮತ್ತು ನೀರನ್ನು ಮೇಲಕ್ಕೊಯ್ಯುವ ಹೊರಸುತ್ತಿನ ಎಳೆಯ ಭಾಗದಲ್ಲಿ. ಮುರಿದ ಕೊಂಬೆಯ ಗಾಯದಿಂದ ಹೊಕ್ಕ ಶಿಲೀಂಧ್ರ ಚೇಗನ್ನು ತಿನ್ನುತ್ತಿದ್ದರೆ, ಹೊರಗೆ ವರ್ಷಕ್ಕೊಂದು ಹೊಸ ಸುತ್ತು ಬೆಳೆಯುತ್ತಲೇ ಇರುತ್ತದೆ. ಬಿದಿರು ಪೊಳ್ಳಾಗಿಯೂ ಗಟ್ಟಿಯಲ್ಲವೆ?

ಗಂಟುಗಳಿಗೂ ಕಾರಣವುಂಟು. ಚಿಗುರದೆ ಉಳಿದ ಮೊಗ್ಗುಗಳು ಒಂದೆಡೆ ಗುಂಪಾದರೆ ಅಲ್ಲಿ ಮರದ ಎಳೆ ಸುತ್ತಿಕೊಂಡು ಗಂಟಾಗುವುದು. ಲಂಡನ್, ಪ್ಯಾರಿಸ್ ಬೀದಿಗಳಲ್ಲಿ ಚಿನಾರಿನ ಮಿಶ್ರತಳಿಯ ಮರಗಳುಂಟು. ಅವುಗಳ ಕೊಂಬೆಗಳನ್ನು ಮತ್ತೆಮತ್ತೆ ಒಂದೇ ಜಾಗದಲ್ಲಿ ಕತ್ತರಿಸಿದರೆ ತುದಿಗಳು ಬಿಗಿದ ಮುಷ್ಟಿಯಂತೆ ದಪ್ಪಗಾಗುತ್ತವೆ.

ಹಿಂದೆ ಪೊಟರೆಯನ್ನು ಕೆರೆದು ಸಿಮೆಂಟು ತುಂಬುವುದೇ ಚಿಕಿತ್ಸೆಯೆನಿಸಿತ್ತು. ಸಾವಿರಾರು ಮರಗಳನ್ನು ಸೀಳಿ ನೋಡಿದ ಅಮೆರಿಕದ ವಿಜ್ಞಾನಿ ಅಲೆಕ್ಸ್ ಶೈಗೋ 1977ರ ತಮ್ಮ ಪ್ರಕಟಣೆಯಲ್ಲಿ ಬೇರೆಯದನ್ನೇ ತೋರಿಸಿದರು. ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ. ಮರವು ಕೊಳೆತ ಭಾಗದ ಸುತ್ತ ಗೋಡೆ ಕಟ್ಟಿ ಅದನ್ನು ಬೇರ್ಪಡಿಸುತ್ತದೆ. ಕೆರೆದರೆ ಆ ಗೋಡೆಯೇ ಒಡೆಯುವುದು. ಗಾಳಿಗೆ ತೂಗುವ ಮರಕ್ಕೂ ಬಾಗದ ಸಿಮೆಂಟಿಗೂ ಹೊಂದಿಕೆಯಿಲ್ಲ. ಗ್ರೀಸಿನ ಕಾಸ್ ದ್ವೀಪದಲ್ಲಿ ವೈದ್ಯಪಿತಾಮಹ ಹಿಪೊಕ್ರಟಿಸನ ಹೆಸರು ಹೊತ್ತ ಪೊಳ್ಳು ಮರವೊಂದಿದೆ. ಅದಕ್ಕೆ ಲೋಹದ ಊರೆಗಳನ್ನು ಕೊಟ್ಟು ಕಾಪಾಡುತ್ತಿದ್ದಾರೆ.

ನಾವಿರುವ ಊರುಗಳ ಬೀದಿಗಳಲ್ಲಿಯೂ ಪೊಟರೆಬಿದ್ದ ಹಿರಿಯ ಮರಗಳುಂಟು. ಪೊಟರೆ ಕಂಡೊಡನೆ ಕೊಡಲಿಯನ್ನಾಗಲಿ ಸಿಮೆಂಟನ್ನಾಗಲಿ ತರುವುದು ಬೇಡ. ಉಳಿದ ಕಾಂಡ ಎಷ್ಟು ದಪ್ಪವಿದೆ, ಬೇರು ಗಟ್ಟಿಯಿದೆಯೆ ಎಂಬುದನ್ನು ಬಲ್ಲವರಿಂದ ನೋಡಿಸಿ, ಆಮೇಲೆ ತೀರ್ಮಾನಿಸೋಣ. ಮಕ್ಕಳನ್ನೂ ಜೊತೆಗೆ ಕರೆದೊಯ್ದು ತೋರಿಸೋಣ. ಸೊಟ್ಟಗಿದ್ದರೂ ಪೊಳ್ಳಾಗಿದ್ದರೂ ಅದು ಇನ್ನೂ ನೆರಳು ಕೊಡುತ್ತಿರುವ ಮರವೇ.